ಹಾಲಿವುಡ್‌ಗೆ ಹೋದ ಜರ್ಮನ್ನರೆಲ್ಲ ಓಡಿಹೋದವರಾ?

ಪ್ರಶ್ನೆ: ನನಗೆ ಹಳೇ ಕಪ್ಪು-ಬಿಳುಪು ಹಾಲಿವುಡ್ ಸಿನಿಮಾಗಳ ಹುಚ್ಚು. ಟೈಟಲ್ ಕಾರ್ಡ್ ನೋಡಿದಾಗೆಲ್ಲ ಜರ್ಮನ್ ಥರದ ಹೆಸರುಗಳೇ ಜಾಸ್ತಿ ಕಾಣುತ್ತವೆ. ಲುಬಿಚ್, ಲಾಂಗ್, ವೈಲ್ಡರ್, ಸಿಯೋಡ್‌ಮಾಕ್, ಡೀಟ್ರಿಚ್. ಇವರೆಲ್ಲ ಹಿಟ್ಲರ್‌ಗೆ ಹೆದರಿ ಓಡಿಬಂದವರು ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜವಾ? ಇಂಗ್ಲಿಷ್ ಸರಿಯಾಗಿ ಬರದವರು ಅಮೆರಿಕದ ಸಿನಿಮಾದಲ್ಲಿ ಹೇಗೆ ಗೆದ್ದರು? ನಾನು ಯಾವ ಸಿನಿಮಾದಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯನ ಮಾತು ಅರ್ಧ ಸರಿ. ಓಡಿಬಂದವರು ನೂರಾರು ಜನ ಇದ್ದರು. ಆದರೆ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದು 1933ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಹಾಲಿವುಡ್ ಜರ್ಮನ್ನರನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಿತ್ತು. ಮಾಲೆ ಹಾಕಿಸಿಕೊಂಡು ಬಂದವರು ಬೇರೆ, ಪೆಟ್ಟಿಗೆ ಕಟ್ಟಿಕೊಂಡು ಬಂದವರು ಬೇರೆ. ಇಬ್ಬರನ್ನೂ ಒಂದೇ ಗೋಣಿಚೀಲಕ್ಕೆ ತುಂಬಬಾರದು.

ಇನ್ನೊಂದು ಸಣ್ಣ ತಿದ್ದುಪಡಿ. ನಿಮ್ಮ ಪಟ್ಟಿಯಲ್ಲಿ ಇರುವವರೆಲ್ಲ ಜರ್ಮನಿಯಲ್ಲಿ ಹುಟ್ಟಿದವರಲ್ಲ. ಲುಬಿಚ್, ಡೀಟ್ರಿಚ್ ಇಬ್ಬರೂ ಬರ್ಲಿನ್‌ನವರು, ಸಿಯೋಡ್‌ಮಾಕ್ ಡ್ರೆಸ್ಡೆನ್‌ನವನು. ಆದರೆ ಲಾಂಗ್ ವಿಯೆನ್ನಾದವನು. ಬಿಲ್ಲಿ ವೈಲ್ಡರ್ ಹುಟ್ಟಿದ ಊರು ಆಗ ಆಸ್ಟ್ರಿಯಾ-ಹಂಗೇರಿಯಲ್ಲಿತ್ತು, ಈಗ ಪೋಲೆಂಡ್‌ನಲ್ಲಿದೆ. ಆದರೂ ಇವರನ್ನೆಲ್ಲ ಜರ್ಮನ್ ಸಿನಿಮಾದವರು ಅನ್ನುವುದರಲ್ಲಿ ತಪ್ಪಿಲ್ಲ, ಯಾಕೆಂದರೆ ಬರ್ಲಿನ್ ಆಗ ಇಡೀ ಮಧ್ಯ ಯುರೋಪಿನ ಸಿನಿಮಾದವರು ಬಂದು ಸೇರುವ ಸಂತೆ. ಕೆಲಸ ಕಲಿತಿದ್ದು, ಹೆಸರು ಮಾಡಿದ್ದು ಎಲ್ಲ ಅಲ್ಲೇ.

ಮೊದಲು ಕರೆಸಿಕೊಂಡವರ ಕಥೆ. ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ ಊಟಕ್ಕೆ ಕಷ್ಟ, ನೋಟಿಗೆ ಬೆಲೆ ಇಲ್ಲ, ಆದರೆ ಸಿನಿಮಾ ಮಾತ್ರ ಹುಲುಸಾಗಿ ಬೆಳೆದಿತ್ತು. ಬರ್ಲಿನ್ ಪಕ್ಕದ ಬಾಬೆಲ್ಸ್‌ಬರ್ಗ್‌ನಲ್ಲಿ ಉಫಾ ಕಂಪನಿಯ ಸ್ಟುಡಿಯೋ ಇತ್ತು. ಅಲ್ಲಿನ ಸೆಟ್‌ಗಳು, ಬೆಳಕು, ಕ್ಯಾಮೆರಾ ಓಡಾಡುವ ರೀತಿ ನೋಡಿ ಅಮೆರಿಕದವರು ಬಾಯಿ ಬಿಟ್ಟರು. ಲುಬಿಚ್ 1919ರಲ್ಲಿ ಮಾಡಿದ ಫ್ರೆಂಚ್ ಕ್ರಾಂತಿಯ ಕಥೆ 'ಮದಾಮ್ ದುಬಾರಿ' ಅಮೆರಿಕದಲ್ಲೂ ಚೆನ್ನಾಗಿ ಓಡಿತ್ತು. ಆ ಕಾಲದ ದೊಡ್ಡ ತಾರೆ ಮೇರಿ ಪಿಕ್‌ಫರ್ಡ್ ತನ್ನ ಸಿನಿಮಾ ಮಾಡಿಕೊಡು ಅಂತ ಅವನನ್ನು ಕರೆಸಿಕೊಂಡಳು. 1923ರಲ್ಲಿ 'ರೊಸಿಟಾ' ಬಂತು. ಇಬ್ಬರಿಗೂ ಸರಿಹೋಗಲಿಲ್ಲ. ಇವನಿಗೆ ಮನುಷ್ಯರಿಗಿಂತ ಬಾಗಿಲುಗಳೇ ಇಷ್ಟ ಅಂತ ಅವಳು ಗೊಣಗಿದಳು.

ಆ ಗೊಣಗಾಟದಲ್ಲೇ ಲುಬಿಚ್‌ನ ಗುಟ್ಟು ಇತ್ತು. ಮುಂದೆ ಹಾಲಿವುಡ್ ತಲೆ ಮೇಲೆ ಹೊತ್ತು ಮೆರೆಸಿದ್ದು ಅವನ ಆ ಬಾಗಿಲುಗಳನ್ನೇ. ಗಂಡ ಹೆಂಡತಿ ಜಗಳವೋ, ಕದ್ದುಮುಚ್ಚಿ ನಡೆಯುವ ಪ್ರೇಮವೋ, ಅವನು ಒಳಗೆ ನಡೆಯುವುದನ್ನು ತೋರಿಸುವುದಿಲ್ಲ. ಮುಚ್ಚಿದ ಬಾಗಿಲು ತೋರಿಸುತ್ತಾನೆ. ಒಬ್ಬರು ಒಳಗೆ ಹೋದರು, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದರು, ಮುಖದಲ್ಲಿ ಒಂದು ನಗು. ಉಳಿದಿದ್ದೆಲ್ಲ ನೋಡುವವರ ತಲೆಯಲ್ಲಿ. ಮಾತು ಬೇಕಾಗೇ ಇಲ್ಲ ಅಲ್ವಾ? ದರ್ಜಿಯ ಮಗ, ದಪ್ಪ ಸಿಗಾರು, ಕೊನೆವರೆಗೂ ಬಿಡದ ಬರ್ಲಿನ್ ಉಚ್ಚಾರಣೆ. ಆದರೂ 1935ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋದ ಇಡೀ ನಿರ್ಮಾಣದ ಉಸ್ತುವಾರಿಯನ್ನು ಅವನ ಕೈಗೆ ಕೊಟ್ಟರು. ಅದೇ ವರ್ಷ ನಾಜಿ ಸರ್ಕಾರ ಅವನ ಜರ್ಮನ್ ಪೌರತ್ವ ಕಿತ್ತುಕೊಂಡಿತು.

ನಿಮ್ಮ ಎರಡನೇ ಪ್ರಶ್ನೆಗೆ, ಭಾಷೆ ಬರದೆ ಹೇಗೆ ಗೆದ್ದರು ಅನ್ನುವುದಕ್ಕೆ, ನನ್ನ ಉತ್ತರ ಇಲ್ಲೇ ಶುರುವಾಗುತ್ತದೆ. ಕಣ್ಣಿನಿಂದ ಕೆಲಸ ಮಾಡುವವರು ಗೆದ್ದರು. ನಾಲಗೆಯಿಂದ ಕೆಲಸ ಮಾಡುವವರು ಸಿಕ್ಕಿಹಾಕಿಕೊಂಡರು. ಇದಕ್ಕೆ ಹೊರತಾದವರೂ ಇದ್ದಾರೆ, ಅವರ ವಿಷಯ ಆಮೇಲೆ ಹೇಳುತ್ತೇನೆ.

ಮೂಕಿ ಸಿನಿಮಾ ಇರುವವರೆಗೆ ಈ ಭೇದ ಇರಲೇ ಇಲ್ಲ. ಜರ್ಮನ್ ನಿರ್ದೇಶಕ ಮುರ್ನಾವ್‌ನನ್ನು ಹಾಲಿವುಡ್‌ನ ಸ್ಟುಡಿಯೋ ಮಾಲೀಕ ವಿಲಿಯಂ ಫಾಕ್ಸ್ ಕರೆಸಿಕೊಂಡು ಕೈತುಂಬ ದುಡ್ಡು ಕೊಟ್ಟ. ಅವನು 1927ರ 'ಸನ್‌ರೈಸ್'ಗಾಗಿ ಒಂದು ನಗರವನ್ನೇ ಕಟ್ಟಿಸಿದ. ನಗರ ಇನ್ನೂ ದೂರಕ್ಕೆ ಹರಡಿದ ಹಾಗೆ ಕಾಣಲಿ ಅಂತ ಹಿಂದಿನ ಕಟ್ಟಡಗಳನ್ನು ಚಿಕ್ಕದಾಗಿ ಮಾಡಿಸಿ, ಅಲ್ಲಿ ಓಡಾಡಲು ಕುಳ್ಳಗಿನ ಜನರನ್ನೇ ಆರಿಸಿದ. 1929ರಲ್ಲಿ ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಆ ಚಿತ್ರಕ್ಕೆ ಮೂರು ಪ್ರಶಸ್ತಿ ಬಂತು. ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. 1931ರ ಮಾರ್ಚ್‌ನಲ್ಲಿ, ತನ್ನ 'ತಾಬು' ಬಿಡುಗಡೆಗೆ ಒಂದು ವಾರ ಇರುವಾಗ, ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ಸತ್ತ. ಆಗ ಅವನಿಗೆ 42.

ಅದೇ ಮೊದಲ ಆಸ್ಕರ್‌ನಲ್ಲಿ ಅತ್ಯುತ್ತಮ ನಟ ಯಾರು ಗೊತ್ತಾ? ಎಮಿಲ್ ಯಾನಿಂಗ್ಸ್. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ದೊಡ್ಡ ನಟನಾದವನು. ಸಮಾರಂಭಕ್ಕೂ ಮೊದಲೇ ಅವನು ಜರ್ಮನಿಗೆ ಹೊರಟಿದ್ದರಿಂದ ಪ್ರತಿಮೆಯನ್ನು ಮುಂಚೆಯೇ ಕೈಗಿಟ್ಟು ಕಳಿಸಿದರು. ಹಾಗಾಗಿ ಜಗತ್ತಿನಲ್ಲಿ ಆಸ್ಕರ್ ಮುಟ್ಟಿದ ಮೊದಲ ವ್ಯಕ್ತಿ ಅವನೇ. ಹೊರಟಿದ್ದು ಯಾಕೆ? ಸಿನಿಮಾಕ್ಕೆ ಮಾತು ಬಂದಿತ್ತು. ಅವನ ಇಂಗ್ಲಿಷ್ ಅಮೆರಿಕದವರ ಕಿವಿಗೆ ಹಿಡಿಸುವಂಥದ್ದಲ್ಲ. ಇವತ್ತು ನಮ್ಮಲ್ಲಿ ಕನ್ನಡ ಬರದ ನಾಯಕಿಗೆ ಬೇರೆಯವರ ಕಂಠ ಕೊಟ್ಟು ಮುಗಿಸುತ್ತಾರಲ್ಲ, ಆ ಅನುಕೂಲ ಆಗ ಇರಲಿಲ್ಲ. ಊರಿಗೆ ಹೋದ ಯಾನಿಂಗ್ಸ್ ಮುಂದೆ ನಾಜಿಗಳ ಪ್ರಚಾರ ಚಿತ್ರಗಳಲ್ಲಿ ನಟಿಸಿದ. ಅವನ ಮೇಲೆ ನನಗೆ ಕನಿಕರ ಹುಟ್ಟುವುದಿಲ್ಲ, ಆದರೆ ಅವನ ನಟನೆ ನೋಡದೆ ಬಿಡಬೇಡಿ.

ಯಾನಿಂಗ್ಸ್ ವಾಪಸ್ ಹೋಗಿ ಮಾಡಿದ ಮಾತಿನ ಚಿತ್ರ 'ದಿ ಬ್ಲೂ ಏಂಜೆಲ್'. ಅದರಲ್ಲಿ ಅವನು ನಾಯಕ. ಆದರೆ ಸಿನಿಮಾ ಕದ್ದುಕೊಂಡು ಹೋಗಿದ್ದು ಮಾರ್ಲೀನ್ ಡೀಟ್ರಿಚ್. 1930ರ ಏಪ್ರಿಲ್ 1ರಂದು ಬರ್ಲಿನ್‌ನಲ್ಲಿ ಅದರ ಮೊದಲ ಪ್ರದರ್ಶನ. ಅದೇ ರಾತ್ರಿ ಅವಳು ಅಮೆರಿಕಕ್ಕೆ ಹೊರಟಳು. ಹಿಟ್ಲರ್ ಬರಲು ಇನ್ನೂ ಮೂರು ವರ್ಷ ಇತ್ತು, ಹಾಗಾಗಿ ಅವಳೂ ಓಡಿಹೋದವಳಲ್ಲ, ಪ್ಯಾರಾಮೌಂಟ್‌ನ ಕರಾರಿನ ಮೇಲೆ ಹೋದವಳು. ಆಮೇಲೆ ವಾಪಸ್ ಬರಲು ನಾಜಿಗಳು ಎಷ್ಟು ಕರೆದರೂ ಹೋಗಲಿಲ್ಲ, 1939ರಲ್ಲಿ ಅಮೆರಿಕದ ಪೌರತ್ವ ತೆಗೆದುಕೊಂಡಳು, ಯುದ್ಧದಲ್ಲಿ ಅಮೆರಿಕದ ಸೈನಿಕರ ಮುಂದೆ ಹಾಡಿದಳು. ಅದಕ್ಕೆ ಎಷ್ಟೋ ಜರ್ಮನ್ನರು ಅವಳನ್ನು ದ್ರೋಹಿ ಅಂದರು. 1960ರಲ್ಲಿ ಹಾಡಲು ಹೋದಾಗಲೂ ಆ ಸಿಟ್ಟು ಆರಿರಲಿಲ್ಲ.

ಅವಳ ನಾಲಗೆಯ ಕಥೆ ಸ್ವಾರಸ್ಯವಾಗಿದೆ. ಹಾಲಿವುಡ್‌ನ ಮೊದಲ ಚಿತ್ರ 'ಮೊರಾಕೊ'. ಅದರಲ್ಲಿ ಅವಳ ಮೊದಲ ಮಾತಿನಲ್ಲೇ 'ಹೆಲ್ಪ್' ಅನ್ನುವ ಪದ. ಎಷ್ಟು ಸಲ ಹೇಳಿದರೂ ಅದು ಜರ್ಮನ್ ಆಗಿಯೇ ಬರುತ್ತಿತ್ತಂತೆ. ನಿರ್ದೇಶಕ ಸ್ಟರ್ನ್‌ಬರ್ಗ್ ಬಿಡಲಿಲ್ಲ, ಮತ್ತೆ ಮತ್ತೆ ಹೇಳಿಸಿದ. ಆದರೆ ಅವನ ಜಾಣತನ ಬೇರೆ ಕಡೆ ಇತ್ತು. ಅವಳಿಗೆ ಕಡಿಮೆ ಮಾತು, ನಿಧಾನದ ಮಾತು ಕೊಟ್ಟ. ಬೆಳಕನ್ನು ಮೇಲಿನಿಂದ ಬಿಟ್ಟು ಕೆನ್ನೆಯ ನೆರಳನ್ನೇ ಮಾತಾಡಿಸಿದ. ಆ ವಿದೇಶಿ ಉಚ್ಚಾರಣೆ ತೊಡಕಾಗುವ ಬದಲು ಅವಳ ಗುಟ್ಟಿನ ಭಾಗವಾಯಿತು. ಹೊರತಾದವರು ಅಂದೆನಲ್ಲ, ಅವಳು ಮೊದಲನೆಯವಳು.

ಈಗ 1933. ಮಾರ್ಚ್ 28ರಂದು ಹಿಟ್ಲರ್‌ನ ಪ್ರಚಾರ ಮಂತ್ರಿ ಗೊಬೆಲ್ಸ್ ಸಿನಿಮಾದವರನ್ನು ಬರ್ಲಿನ್‌ನ ಒಂದು ಹೋಟೆಲಿಗೆ ಕರೆಸಿ ಭಾಷಣ ಮಾಡಿದ. ಮರುದಿನವೇ ಉಫಾ ತನ್ನ ಯಹೂದಿ ಕೆಲಸಗಾರರನ್ನು ತೆಗೆಯುವ ನಿರ್ಧಾರ ಮಾಡಿತು. ಕಾನೂನು ಬರುವವರೆಗೂ ಕಾಯಲಿಲ್ಲ, ನೋಡಿ.

ಇಲ್ಲೇ ಬರುವುದು ಫ್ರಿಟ್ಜ್ ಲಾಂಗ್‌ನ ಪ್ರಸಿದ್ಧ ಕಥೆ. ಗೊಬೆಲ್ಸ್ ಕರೆಸಿ ಜರ್ಮನ್ ಸಿನಿಮಾಕ್ಕೆ ನೀನೇ ಮುಖ್ಯಸ್ಥ ಆಗು ಅಂದನಂತೆ. ಕಿಟಕಿಯಾಚೆ ಗಡಿಯಾರ ನೋಡುತ್ತ ಬೆವರಿದ ಲಾಂಗ್, ಬ್ಯಾಂಕ್ ಮುಚ್ಚಿದ್ದರಿಂದ ಹಣವನ್ನೂ ತೆಗೆಯಲಾಗದೆ, ಅದೇ ರಾತ್ರಿ ಪ್ಯಾರಿಸ್ ರೈಲು ಹತ್ತಿದನಂತೆ. ಅವನು ಜೀವನ ಪೂರ್ತಿ ಹೇಳಿದ ಕಥೆ ಇದು. ಆದರೆ ಅವನ ಪಾಸ್‌ಪೋರ್ಟಿನ ಸ್ಟ್ಯಾಂಪುಗಳು ಬೇರೆಯೇ ಹೇಳುತ್ತವೆ. ಆ ವರ್ಷ ಅವನು ಕೆಲವು ಸಲ ಹೋಗಿ ಬಂದು ಮಾಡಿದ್ದಾನೆ, ಪೂರ್ತಿಯಾಗಿ ಬಿಟ್ಟಿದ್ದು ಜುಲೈ ಕೊನೆಯಲ್ಲಿ. ಜರ್ಮನಿ ಬಿಟ್ಟಿದ್ದು ಸುಳ್ಳಲ್ಲ. ಒಂದೇ ರಾತ್ರಿಯ ರೈಲು ಮಾತ್ರ ಒಳ್ಳೇ ಚಿತ್ರಕಥೆ.

ಅವನ ಹೆಂಡತಿ ಥೇಯಾ ಫಾನ್ ಹಾರ್ಬೌ ಹೋಗಲಿಲ್ಲ. 'ಮೆಟ್ರೊಪೊಲಿಸ್', 'ಎಂ' ಚಿತ್ರಗಳನ್ನು ಅವನ ಜೊತೆ ಬರೆದವಳು ಅವಳು. ನಾಜಿ ಪಕ್ಷವನ್ನೂ ಸೇರಿದಳು. ಆ ಹೊತ್ತಿಗೆ ಇಬ್ಬರ ನಡುವೆ ಬೇರೆ ಕಾರಣಕ್ಕೂ ಬಿರುಕು ಬಿದ್ದಿತ್ತು. ಅವಳ ಜೀವನದಲ್ಲಿ ಒಬ್ಬ ಭಾರತೀಯ ಇದ್ದರು. ಆಯಿ ತೆಂಡೂಲ್ಕರ್ ಅಂತ, ನಮ್ಮ ಬೆಳಗಾವಿ ಕಡೆಯವರು, ಓದಲು ಜರ್ಮನಿಗೆ ಹೋಗಿ ಪತ್ರಕರ್ತರಾದವರು. ಇಬ್ಬರೂ ಗುಟ್ಟಾಗಿ ಮದುವೆಯಾದರು. ಯುದ್ಧಕ್ಕೆ ಮೊದಲು ತೆಂಡೂಲ್ಕರ್ ಊರಿಗೆ ಮರಳಿ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿ ಬ್ರಿಟಿಷರ ಜೈಲಿಗೂ ಹೋದರು. 'ಮೆಟ್ರೊಪೊಲಿಸ್' ನೋಡುವಾಗೆಲ್ಲ ನನಗೆ ಬೆಳಗಾವಿ ನೆನಪಾಗುವುದು ಇದಕ್ಕೇ. ಸರಿ, ದಾರಿ ತಪ್ಪಿದೆ.

ಲಾಂಗ್ ಅಮೆರಿಕದಲ್ಲಿ ಎಂಜಿಎಂ ಸ್ಟುಡಿಯೋದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿನಿಮಾ ಇಲ್ಲದೆ ಸುಮ್ನೆ ಕೂತ. ಆ ಹೊತ್ತಿನಲ್ಲಿ ಪತ್ರಿಕೆ ಓದಿದ, ಪೇಪರಿನಲ್ಲಿ ಬರುವ ಕಾರ್ಟೂನ್ ಪಟ್ಟಿಗಳಿಂದ ಬೀದಿ ಇಂಗ್ಲಿಷ್ ಕಲಿತ. 1936ರಲ್ಲಿ 'ಫ್ಯೂರಿ' ಬಂತು. ತಪ್ಪು ಮಾಡದ ಒಬ್ಬ ಮನುಷ್ಯನನ್ನು ಊರ ಜನ ಸೇರಿ ಜೈಲಿನ ಸಮೇತ ಸುಡಲು ಹೊರಡುತ್ತಾರೆ. ಅಮೆರಿಕದ ಕಥೆಯೇ, ಆದರೆ ಗುಂಪು ಹೇಗೆ ಹುಚ್ಚಾಗುತ್ತದೆ ಅಂತ ಬರ್ಲಿನ್‌ನಲ್ಲಿ ಕಣ್ಣಾರೆ ನೋಡಿದವನ ಸಿನಿಮಾ. ನಗುವ ಮುಖ, ತಿನ್ನುತ್ತಿರುವ ಮುಖ, ಮಗುವನ್ನು ಎತ್ತಿ ಬೆಂಕಿ ತೋರಿಸುವ ತಾಯಿ. ಇಲ್ಲಿ ಉಚ್ಚಾರಣೆ ಯಾರಿಗೆ ಬೇಕು?

ಕಣ್ಣಿನವರ ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. 1930ರಲ್ಲಿ ಬರ್ಲಿನ್‌ನಲ್ಲಿ ಕೆಲವು ಹುಡುಗರು ಸೇರಿ ಕಡಿಮೆ ದುಡ್ಡಿನಲ್ಲಿ ಒಂದು ಮೂಕಿ ಚಿತ್ರ ಮಾಡಿದರು. ಅದರ ಹೆಸರಿನ ಅರ್ಥ 'ಭಾನುವಾರದ ಜನ'. ನಟರೇ ಇಲ್ಲ. ಟ್ಯಾಕ್ಸಿ ಓಡಿಸುವವನು, ಗ್ರಾಮಫೋನ್ ಪ್ಲೇಟ್ ಮಾರುವವಳು ಇಂಥವರು ರಜೆಯ ದಿನ ಕೆರೆ ದಂಡೆಗೆ ಹೋಗುತ್ತಾರೆ, ಈಜುತ್ತಾರೆ, ಮುನಿಸಿಕೊಳ್ಳುತ್ತಾರೆ, ಸೋಮವಾರ ಕೆಲಸಕ್ಕೆ ಹೋಗುತ್ತಾರೆ. ಅಷ್ಟೇ ಕಥೆ. ಇದನ್ನು ಮಾಡಿದವರು ಯಾರು ನೋಡಿ. ನಿರ್ದೇಶನದಲ್ಲಿ ರಾಬರ್ಟ್ ಸಿಯೋಡ್‌ಮಾಕ್ ಮತ್ತು ಎಡ್ಗರ್ ಉಲ್ಮರ್, ಬರವಣಿಗೆಯಲ್ಲಿ ಬಿಲ್ಲಿ ವೈಲ್ಡರ್, ಕ್ಯಾಮೆರಾದಲ್ಲಿ ಶೂಫ್ಟನ್, ಅವನಿಗೆ ಸಹಾಯಕ ಫ್ರೆಡ್ ಜಿನ್ನೆಮನ್. ಐದೂ ಜನ ಅಮೆರಿಕ ಸೇರಿದರು. ಸಿಯೋಡ್‌ಮಾಕ್ 1946ರಲ್ಲಿ 'ದಿ ಕಿಲ್ಲರ್ಸ್' ಮಾಡಿ ಬರ್ಟ್ ಲಂಕಾಸ್ಟರ್‌ನನ್ನು ಪರದೆಗೆ ತಂದ. ಉಲ್ಮರ್ ಪುಡಿಗಾಸಿನಲ್ಲಿ 'ಡಿಟೂರ್' ತೆಗೆದ. ಜಿನ್ನೆಮನ್ 'ಹೈ ನೂನ್' ಮಾಡಿದ, ಮುಂದಿನ ವರ್ಷದ ಚಿತ್ರಕ್ಕೆ ಆಸ್ಕರ್ ಪಡೆದ. ಶೂಫ್ಟನ್ ಕಥೆ ಮಾತ್ರ ಬೇಜಾರಿನದು. ಅಲ್ಲಿನ ಕ್ಯಾಮೆರಾದವರ ಸಂಘ ಅವನನ್ನು ವರ್ಷಗಟ್ಟಲೆ ಒಳಗೆ ಬಿಡಲಿಲ್ಲ, ಹಾಗಾಗಿ ಟೈಟಲ್‌ನಲ್ಲಿ ಕ್ಯಾಮೆರಾಮನ್ ಅಂತ ಹೆಸರಿಲ್ಲದೆ ದುಡಿದ. ಕಡೆಗೆ 'ದಿ ಹಸ್ಲರ್' ಚಿತ್ರಕ್ಕೆ ಆಸ್ಕರ್ ಬಂದಾಗ ಅವನಿಗೆ 68. ಕಣ್ಣಿದ್ದವರಿಗೂ ಬಾಗಿಲು ತಾನಾಗಿ ತೆರೆಯಲಿಲ್ಲ ಅಂತ ಇದನ್ನು ಹೇಳಿದೆ.

ವೈಲ್ಡರ್ ಎರಡನೇ ಹೊರತು. ಬರಹಗಾರ ಅಂದರೆ ನಾಲಗೆಯೇ ಬಂಡವಾಳ ಅಲ್ವಾ? 1934ರಲ್ಲಿ ಬಂದಾಗ ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವನು ಚಾರ್ಲ್ಸ್ ಬ್ರ್ಯಾಕೆಟ್ ಅನ್ನುವ ಅಪ್ಪಟ ಅಮೆರಿಕನ್ ಜೊತೆ ಕೂತು ಬರೆಯುತ್ತ ಬರೆಯುತ್ತ, ಹುಟ್ಟಿನಿಂದ ಆ ಭಾಷೆ ಆಡಿದವರೂ ಗಮನಿಸದ ಮಾತುಗಳನ್ನು ಹೆಕ್ಕತೊಡಗಿದ. ಹೊಸದಾಗಿ ಕಲಿತವನ ಕಿವಿ ಚುರುಕು. ಆದರೆ ಇಂಥವರು ಕಡಿಮೆ. 'ದಿ ಬ್ಲೂ ಏಂಜೆಲ್'ಗೆ ಆಧಾರವಾದ ಕಾದಂಬರಿ ಬರೆದ ಹೈನ್‌ರಿಖ್ ಮಾನ್ ಹಾಲಿವುಡ್‌ನ ವಾರ್ನರ್ ಸ್ಟುಡಿಯೋದಲ್ಲಿ ವಾರದ ಸಂಬಳದ ಮೇಲೆ ಕೂತಿದ್ದ. ಯುರೋಪಿನಿಂದ ಜೀವ ಉಳಿಸಿಕೊಂಡು ಬರಲಿ ಅಂತ ಕೊಟ್ಟ ಕೆಲಸ ಅದು. ಇಂಥ ಕರಾರುಗಳ ಹಿಂದೆ ಏಜೆಂಟ್ ಪಾಲ್ ಕೋನರ್, ಲುಬಿಚ್ ಮುಂತಾದವರು 1938ರಲ್ಲಿ ಕಟ್ಟಿದ ಯುರೋಪಿಯನ್ ಫಿಲ್ಮ್ ಫಂಡ್ ಇತ್ತು. ಕೆಲಸ ಸಿಕ್ಕವರು ಸಂಬಳದಲ್ಲಿ ಒಂದು ಪಾಲು ಕೊಡುತ್ತಿದ್ದರು, ಕೆಲಸ ಇಲ್ಲದವರ ಮನೆಯ ಒಲೆ ಉರಿಯುತ್ತಿತ್ತು.

ನಟರ ಪಾಡು ಕೇಳಿ. 'ಎಂ' ಚಿತ್ರದ ಕೊಲೆಗಾರ ಪೀಟರ್ ಲೋರೆ ಮೊದಲು ಲಂಡನ್‌ಗೆ ಬಂದು ಹಿಚ್‌ಕಾಕ್‌ನ ಸಿನಿಮಾದಲ್ಲಿ ಡೈಲಾಗನ್ನು ಉರು ಹೊಡೆದು ಒಪ್ಪಿಸಿದ. ಹಾಲಿವುಡ್ ಅವನಿಗೆ ಜಪಾನಿ ಪತ್ತೇದಾರನ ವೇಷ ಹಾಕಿಸಿ ಎಂಟು ಸಿನಿಮಾ ತೆಗೆಯಿತು. ಡುಸೆಲ್‌ಡಾರ್ಫ್‌ನಲ್ಲಿ ಹುಟ್ಟಿದ ಲೂಯಿಸೆ ರೈನರ್ ಸತತ ಎರಡು ವರ್ಷ ಅತ್ಯುತ್ತಮ ನಟಿ ಆಸ್ಕರ್ ಗೆದ್ದಳು. ಯಾರೂ ಅದಕ್ಕೆ ಮೊದಲು ಹಾಗೆ ಗೆದ್ದಿರಲಿಲ್ಲ. ಎರಡನೆಯದು ಚೀನಾದ ರೈತ ಹೆಂಗಸಿನ ಪಾತ್ರಕ್ಕೆ. ಉಚ್ಚಾರಣೆ ಬೇರೆ ಇದ್ದರೆ ಸಾಕು, ಯಾವ ದೇಶದವರ ವೇಷ ಬೇಕಾದರೂ ಹಾಕಿಸುತ್ತಿದ್ದರು. ಕೆಲವೇ ವರ್ಷದಲ್ಲಿ ಸ್ಟುಡಿಯೋ ಜೊತೆ ಜಗಳವಾಡಿ ಅವಳು ಹೊರನಡೆದಳು. 104 ವರ್ಷ ಬದುಕಿದಳು, ಆದರೆ ನಾವು ಮಾತಾಡುವುದು ಇವತ್ತಿಗೂ ಆ ಎರಡು ವರ್ಷದ್ದೇ.

ಯುದ್ಧ ಶುರುವಾದ ಮೇಲೆ ಇನ್ನೊಂದು ವಿಚಿತ್ರ. ನಾಜಿ ಪಾತ್ರಗಳಿಗೆ ಜರ್ಮನ್ ಉಚ್ಚಾರಣೆಯ ನಟರು ಬೇಕಾದರು. ಯಾರಿದ್ದರು? ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಬರ್ಲಿನ್‌ನ ಕಾನ್ರಾಡ್ ಫೈಟ್ ಯಹೂದಿ ಅಲ್ಲ, ಅವನ ಹೆಂಡತಿ ಯಹೂದಿ. ಅದಕ್ಕೇ ದೇಶ ಬಿಟ್ಟ. 1942ರ 'ಕಾಸಾಬ್ಲಾಂಕಾ'ದಲ್ಲಿ ಅವನೇ ನಾಜಿ ಮೇಜರ್. ಬಿಡುಗಡೆಯಾದ ಕೆಲವೇ ತಿಂಗಳಿಗೆ ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತದಿಂದ ಸತ್ತ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಜರ್ಮನ್ ಪೌರರಾಗಿಯೇ ಉಳಿದಿದ್ದವರು ಸರ್ಕಾರದ ಲೆಕ್ಕದಲ್ಲಿ ಶತ್ರು ದೇಶದವರು. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಹಗಲು ಸ್ಟುಡಿಯೋದಲ್ಲಿ ನಾಜಿ ಸಮವಸ್ತ್ರ, ರಾತ್ರಿ ಮನೆಯಲ್ಲಿ ಕರ್ಫ್ಯೂ.

ಡಗ್ಲಸ್ ಸರ್ಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಹ್ಯಾಂಬರ್ಗ್‌ನವನು, ನಿಜವಾದ ಹೆಸರು ಡೆಟ್‌ಲೆಫ್ ಸೀರ್ಕ್. ಉಫಾದಲ್ಲಿ ಹಿಟ್ ಸಿನಿಮಾ ಕೊಡುತ್ತಿದ್ದಾಗಲೇ, ಎರಡನೇ ಹೆಂಡತಿ ಯಹೂದಿ ಆಗಿದ್ದರಿಂದ, 1937ರಲ್ಲಿ ಬಿಟ್ಟ. ಮೊದಲ ಹೆಂಡತಿ ನಾಜಿ ಪಕ್ಷದವಳು, ಅವರ ಮಗ ಅವಳ ಬಳಿ ಉಳಿದ. ಆ ಹುಡುಗ ನಾಜಿ ಕಾಲದ ಸಿನಿಮಾಗಳಲ್ಲಿ ಬಾಲನಟನಾಗಿ, 1944ರಲ್ಲಿ ಯುದ್ಧಭೂಮಿಯಲ್ಲಿ ಸತ್ತ. ಅಪ್ಪ ಅಮೆರಿಕದಲ್ಲಿ ಸ್ವಲ್ಪ ಕಾಲ ಕೋಳಿ ಸಾಕಿದ, ಆಮೇಲೆ ಯುನಿವರ್ಸಲ್‌ನಲ್ಲಿ ಬಣ್ಣಬಣ್ಣದ ಸಂಸಾರದ ಚಿತ್ರ ಮಾಡಿದ. ಅಳುಬುರುಕ ಸಿನಿಮಾ ಅಂತ ವಿಮರ್ಶಕರು ಮೂಗು ಮುರಿದರು. 1955ರ 'ಆಲ್ ದಟ್ ಹೆವನ್ ಅಲೋಸ್' ನೋಡಿ. ವಿಧವೆ ತಾಯಿ ತೋಟದ ಕೆಲಸದವನನ್ನು ಪ್ರೀತಿಸುತ್ತಾಳೆ. ಬೆಳೆದ ಮಕ್ಕಳು ಮರ್ಯಾದೆ ಹೋಯಿತು ಅಂತ ತಡೆಯುತ್ತಾರೆ, ಬದಲಿಗೆ ಒಂದು ಟಿವಿ ತಂದು ಕೊಡುತ್ತಾರೆ, ಒಂಟಿತನ ಕಾಡದಿರಲಿ ಅಂತ. ಆರಿದ ಟಿವಿ ಗಾಜಿನಲ್ಲಿ ಅವಳ ಮುಖ ಕಾಣುತ್ತದೆ. ಆ ಒಂದು ಶಾಟ್‌ನಲ್ಲಿ ಇಡೀ ಮಧ್ಯಮ ವರ್ಗದ ಮನೆ ಇದೆ, ನಮ್ಮದೂ ಸೇರಿ. ನನ್ನನ್ನು ಕೇಳಿದರೆ ಈ ಗುಂಪಿನಲ್ಲಿ ಅತಿ ಕಡಿಮೆ ಮರ್ಯಾದೆ ಸಿಕ್ಕ ದೊಡ್ಡ ನಿರ್ದೇಶಕ ಇವನೇ.

ಆಮೇಲಿನ ಕಾಲ ಬೇಗ ಹೇಳಿ ಮುಗಿಸುತ್ತೇನೆ. ವೋಲ್ಫ್‌ಗಾಂಗ್ ಪೀಟರ್ಸನ್ 'ದಾಸ್ ಬೂಟ್'ನಿಂದ ಹೆಸರು ಮಾಡಿ 'ಏರ್ ಫೋರ್ಸ್ ಒನ್', 'ಟ್ರಾಯ್' ಮಾಡಿದ. ಸ್ಟುಟ್‌ಗಾರ್ಟ್‌ನ ರೋಲಂಡ್ ಎಮರಿಚ್ 1996ರಲ್ಲಿ 'ಇಂಡಿಪೆಂಡೆನ್ಸ್ ಡೇ'ಯಲ್ಲಿ ಶ್ವೇತಭವನವನ್ನೇ ಉಡಾಯಿಸಿದ. 'ಗುಡ್‌ಫೆಲ್ಲಾಸ್'ಗೆ ಕ್ಯಾಮೆರಾ ಹಿಡಿದ ಮೈಕಲ್ ಬಾಲ್‌ಹೌಸ್ ಬರ್ಲಿನ್‌ನವನು, ಸಂಗೀತದ ಹಾನ್ಸ್ ಜಿಮ್ಮರ್ ಫ್ರಾಂಕ್‌ಫರ್ಟ್‌ನವನು. ಇವರ್ಯಾರೂ ಓಡಿಬಂದವರಲ್ಲ, ಲುಬಿಚ್ ಕಾಲದ ಹಾಗೆ ಕರೆ ಬಂದು ಹೋದವರು. ಗೆದ್ದವರಲ್ಲಿ ಮತ್ತೆ ಕಣ್ಣು ಕಿವಿಯವರೇ ಜಾಸ್ತಿ. ನಟರಲ್ಲಿ ಕ್ರಿಸ್ಟೋಫ್ ವಾಲ್ಟ್ಸ್, ಅವನು ವಿಯೆನ್ನಾದವನು, 2009ರ 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್'ನಲ್ಲಿ ನಾಲ್ಕು ಭಾಷೆ ಆಡಿ ಆಸ್ಕರ್ ಗೆದ್ದ. ಪಾತ್ರ ಯಾವುದು? ನಾಜಿ ಅಧಿಕಾರಿ.

ಯಾವುದರಿಂದ ಶುರು ಮಾಡಲಿ ಅಂದಿರಲ್ಲ. ಲುಬಿಚ್‌ನ 1942ರ 'ಟು ಬಿ ಆರ್ ನಾಟ್ ಟು ಬಿ'ಯಿಂದ ಶುರು ಮಾಡಿ, ನಾಜಿಗಳನ್ನೇ ನಗೆಪಾಟಲು ಮಾಡಿದ ಸಿನಿಮಾ. ಆಮೇಲೆ ಲಾಂಗ್‌ನ 'ಎಂ' ಮತ್ತು 'ಫ್ಯೂರಿ' ಎರಡನ್ನೂ ಬೆನ್ನಿಗೆ ಬೆನ್ನು ನೋಡಿ, ಒಂದು ಬರ್ಲಿನ್‌ನದು, ಒಂದು ಅಮೆರಿಕದ್ದು, ಗುಂಪು ಮಾತ್ರ ಒಂದೇ. ನಂತರ ಸರ್ಕ್.

ಕೊನೆಗೆ 'ಕಾಸಾಬ್ಲಾಂಕಾ'. ನೀವು ನೋಡಿರುತ್ತೀರಿ, ಇನ್ನೊಮ್ಮೆ ನೋಡಿ. ಈ ಸಲ ನಾಯಕ ಬೊಗಾರ್ಟ್‌ನನ್ನು ಬಿಟ್ಟು ಪಕ್ಕದ ಮೇಜುಗಳನ್ನು ಗಮನಿಸಿ. ಶುರುವಿನಲ್ಲಿ ಜೇಬು ಕತ್ತರಿಸುವವನು ಬರ್ಲಿನ್‌ನ ಕರ್ಟ್ ಬೋಯಿಸ್. ಒಂದು ಕಡೆ ವಯಸ್ಸಾದ ಗಂಡ ಹೆಂಡತಿ ಕೂತಿದ್ದಾರೆ. ನಾಳೆ ಅಮೆರಿಕಕ್ಕೆ ಹೊರಡುವವರು. ಇನ್ನು ಮೇಲೆ ಇಂಗ್ಲಿಷ್‌ನಲ್ಲೇ ಮಾತಾಡುತ್ತೇವೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜರ್ಮನ್‌ನಲ್ಲಿ ಗಂಟೆಗೂ ಗಡಿಯಾರಕ್ಕೂ ಒಂದೇ ಪದ. ಹಾಗಾಗಿ ಗಂಡ "ಎಷ್ಟು ಗಡಿಯಾರ?" ಅನ್ನುವ ಅರ್ಥ ಬರುವ ಹಾಗೆ ಕೇಳುತ್ತಾನೆ. ಹೆಂಡತಿ "ಹತ್ತು ಗಡಿಯಾರ" ಅನ್ನುತ್ತಾಳೆ. ಅವನು "ಅಷ್ಟೊಂದಾ!" ಅನ್ನುತ್ತಾನೆ. ಅಮೆರಿಕದಲ್ಲಿ ನಿಮಗೆ ಏನೂ ತೊಂದರೆ ಆಗುವುದಿಲ್ಲ ಅಂತ ಮಾಣಿ ಧೈರ್ಯ ಹೇಳುತ್ತಾನೆ. ಚಿತ್ರಮಂದಿರದಲ್ಲಿ ಜನ ನಗುತ್ತಾರೆ. ಆ ಇಬ್ಬರು ನಟರು ಲುಡ್ವಿಗ್ ಸ್ಟೋಸೆಲ್ ಮತ್ತು ಇಲ್ಕಾ ಗ್ರೂನಿಂಗ್. ಇಬ್ಬರೂ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಬರ್ಲಿನ್‌ನಲ್ಲಿದ್ದಾಗ ಗ್ರೂನಿಂಗ್‌ಗೆ ಸ್ವಂತದ್ದೊಂದು ನಟನೆಯ ಶಾಲೆ ಇತ್ತು.